ಹೆಸರು ಹಳದಿ, ಬಣ್ಣ ಕಿತ್ತಳೆ



ಇವತ್ತು ಲಾರಿ ಬಗ್ಗೆ ಮಾತಾಡೋಣ. ಅದೂ ಅಮೆರಿಕದ ಲಾರಿ. ‘ಇಲ್ಲಿ ಇಷ್ಟೊಂದು ಸುದ್ದಿ ಬಿದ್ದಿರುವಾಗ ಅಮೆರಿಕದ ಲಾರಿ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ?’ ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸ್ವಲ್ಪ ಹೊತ್ತು ಕೊಡಿ, ಆಮೇಲೆ ನೀವೇ ಹೇಳಿ.

ಅಯೋವಾ ರಾಜ್ಯದಲ್ಲಿ ವಾಲ್ಕಾಟ್ ಅಂತ ಒಂದು ಪುಟ್ಟ ಊರಿದೆ. ಇಂಟರ್‌ಸ್ಟೇಟ್ 80 ಹೆದ್ದಾರಿಯ ಪಕ್ಕದಲ್ಲಿ. ಜಗತ್ತಿನ ಅತಿ ದೊಡ್ಡ ಟ್ರಕ್ ಸ್ಟಾಪ್ ನಮ್ಮದೇ ಅಂತ ಅವರು ಹೇಳಿಕೊಳ್ಳುತ್ತಾರೆ. ಅದರ ಪಕ್ಕದಲ್ಲೇ ಹಳೆಯ ಟ್ರಕ್‌ಗಳ ಮ್ಯೂಸಿಯಂ. ನೂರಕ್ಕೂ ಹೆಚ್ಚು ಗಾಡಿಗಳು. ಮೂತಿಯ ಮೇಲೆ ಬುಲ್‌ಡಾಗ್ ಗೊಂಬೆ ಕೂತಿರುವ ಮ್ಯಾಕ್, ಉದ್ದ ಮೂಗಿನ ಕೆನ್‌ವರ್ತ್, ಪೀಟರ್‌ಬಿಲ್ಟ್. ನಾವು ಆಯುಧಪೂಜೆ ದಿನ ಗಾಡಿ ತೊಳೆಯುತ್ತೇವಲ್ಲ, ಅಲ್ಲಿ ವರ್ಷದ ಮುನ್ನೂರ ಅರವತ್ತೈದು ದಿನವೂ ಗಾಡಿಗಳು ಹಾಗೆ ಫಳಫಳ. ಅಮೆರಿಕದಲ್ಲಿ ಹಳೆಯ ಲಾರಿ ಪ್ರೇಮಿಗಳದ್ದೇ ಒಂದು ಸಂಘ ಇದೆ, 1971ರಿಂದ.

ಆದರೆ ಒಂದು ವಿಚಿತ್ರ ನೋಡಿ. ಇಂಥ ಹಳೆಯ ಲಾರಿಗಳ ಬಾಗಿಲ ಮೇಲೆ ಕಂಪನಿಗಳ ಹೆಸರು ಬರೆದಿರುತ್ತೆ. ಆ ಹೆಸರುಗಳಲ್ಲಿ ಬಹುಪಾಲು ಇವತ್ತು ಇಲ್ಲ. ಲಾರಿ ಉಳಿದಿದೆ, ಕಂಪನಿ ಹೋಗಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಿತ್ತು, ಹಿಡಿದದ್ದು ಕಂಪನಿಗೆ.

ಇತ್ತೀಚಿನದನ್ನೇ ತಗೊಳ್ಳಿ. ‘ಯೆಲ್ಲೋ’ ಅಂತ ಒಂದು ಕಂಪನಿ. ಒಕ್ಲಹೋಮ ಸಿಟಿಯಲ್ಲಿ ಎ.ಜೆ. ಹ್ಯಾರೆಲ್ ಅನ್ನೋ ಮನುಷ್ಯ ಟ್ಯಾಕ್ಸಿ, ಬಸ್ಸು ಓಡಿಸುತ್ತಾ 1924ರಲ್ಲಿ ಸರಕು ಸಾಗಣೆಗೆ ಇಳಿದ. ಟ್ಯಾಕ್ಸಿ ಕಾಲದ ಹೆಸರೇ ಉಳಿಯಿತು, ಯೆಲ್ಲೋ. ಅಂದರೆ ಹಳದಿ. ಆದರೆ ಲಾರಿಗಳ ಬಣ್ಣ ಕಿತ್ತಳೆ! ಯಾಕೆ ಗೊತ್ತಾ? ದೂರದಿಂದ ಚೆನ್ನಾಗಿ ಕಾಣುವ ಬಣ್ಣ ಯಾವುದು, ಅಪಘಾತ ಕಡಿಮೆಯಾಗಬೇಕು, ಹುಡುಕಿಕೊಡಿ ಅಂತ ಹ್ಯಾರೆಲ್ 1929ರಲ್ಲಿ ಡ್ಯುಪಾಂಟ್ ಕಂಪನಿಯನ್ನು ಕೇಳಿದ. ಅವರು ಪರೀಕ್ಷೆ ಮಾಡಿ ಕಿತ್ತಳೆ ಅಂದರು. ಚಾಲಕನ ಜೀವ ಉಳಿಯಲಿ ಅಂತ ಬಣ್ಣ ಬಳಿದ ಕಂಪನಿ ಅದು.

ಆ ಕಂಪನಿ 2023ರ ಜುಲೈ 30ರಂದು, ಒಂದು ಭಾನುವಾರ, ಬಾಗಿಲು ಹಾಕಿತು. ಸುಮಾರು 30,000 ಜನರ ಕೆಲಸ ಹೋಯಿತು. ಸೆಂಚುರಿಗೆ ಒಂದೇ ರನ್ ಬಾಕಿ. 99ಕ್ಕೆ ಔಟ್.

ಇದು ಹೇಗಾಯಿತು? ಸ್ವಲ್ಪ ಹಿಂದೆ ಹೋಗೋಣ.

1919ರಲ್ಲಿ ಅಮೆರಿಕದ ಸೇನೆ ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಿಲಿಟರಿ ಲಾರಿಗಳನ್ನು ಸಾಲಾಗಿ ಓಡಿಸಿತು. ತಲುಪೋಕೆ 62 ದಿನ! ಕೆಸರು, ಮರಳು, ಮುರಿದು ಬೀಳುವ ಸೇತುವೆ. ಆ ಸಾಲಿನಲ್ಲಿ ಐಸೆನ್‌ಹೋವರ್ ಅನ್ನೋ ಒಬ್ಬ ಯುವ ಅಧಿಕಾರಿ ಇದ್ದ. ಮುಂದೆ ಅವರೇ ಅಧ್ಯಕ್ಷರಾದರು. 1956ರಲ್ಲಿ 41,000 ಮೈಲಿ ಹೆದ್ದಾರಿ ಕಟ್ಟುವ ಕಾನೂನಿಗೆ ಸಹಿ ಹಾಕಿದರು. ರೈಲಿನ ಸರಕು ಲಾರಿಗೆ ಬರೋಕೆ ಈ ರಸ್ತೆಗಳು ದೊಡ್ಡ ಕಾರಣ.

ಇನ್ನೊಬ್ಬ ಮನುಷ್ಯ, ಲೀಲಂಡ್ ಜೇಮ್ಸ್. 1929ರಲ್ಲಿ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ‘ಕನ್ಸಾಲಿಡೇಟೆಡ್ ಫ್ರೈಟ್‌ವೇಸ್’ ಕಟ್ಟಿದವನು. ಪಶ್ಚಿಮ ಅಮೆರಿಕ ಅಂದರೆ ಬರೀ ಬೆಟ್ಟ, ಘಾಟಿ. ಗಾಡಿಯ ತೂಕ ಒಂದು ಕಿಲೋ ಹೆಚ್ಚಾದರೆ ಸರಕು ಒಂದು ಕಿಲೋ ಕಡಿಮೆ. ಹಗುರವಾದ ಲಾರಿ ಮಾಡಿಕೊಡಿ ಅಂದ. ಇದ್ದ ತಯಾರಕರ ಗಾಡಿಗಳು ಅವನಿಗೆ ಒಪ್ಪಿಗೆಯಾಗಲಿಲ್ಲ. ಸರಿ, ನಾನೇ ಮಾಡ್ತೀನಿ ಅಂತ ಅಲ್ಯೂಮಿನಿಯಂ ಬಳಸಿ ತನ್ನ ಕಂಪನಿಯಲ್ಲೇ ಲಾರಿ ಕಟ್ಟಿಸಿದ. ಅದೇ ಫ್ರೈಟ್‌ಲೈನರ್. ಲಾರಿ ಓಡಿಸುವವನೇ ಲಾರಿ ತಯಾರಕನಾದ. 1950ರಲ್ಲಿ ಹೊರಗಿನವರಿಗೆ ಮಾರಿದ ಮೊದಲ ಗಾಡಿ ಇವತ್ತು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಆ ಕಾಲದ ಅನೇಕ ಲಾರಿಗಳಿಗೆ ಮೂಗೇ ಇರಲಿಲ್ಲ. ಎಂಜಿನ್ ಮೇಲೆ ಚಾಲಕನ ಸೀಟು, ಚಪ್ಪಟೆ ಮುಖ. ಇದೇನು ಫ್ಯಾಷನ್ ಅಲ್ಲ. ಲಾರಿಯ ಒಟ್ಟು ಉದ್ದ ಇಷ್ಟೇ ಇರಬೇಕು ಅಂತ ರಾಜ್ಯಗಳ ಕಾನೂನು. ಮೂಗು ಕತ್ತರಿಸಿದರೆ ಸರಕಿಗೆ ಜಾಗ ಸಿಗುತ್ತೆ. 1982ರಲ್ಲಿ ಕೇಂದ್ರದ ಕಾನೂನು ಬದಲಾಯಿತು. ಹೆದ್ದಾರಿಗಳಲ್ಲಿ ಟ್ರೇಲರ್ ಅಳತೆ ಮಾತ್ರ ನೋಡ್ತೀವಿ, ಮುಂದಿನ ಗಾಡಿ ಎಷ್ಟುದ್ದ ಇದ್ದರೂ ಸರಿ ಅಂದರು. ಚಪ್ಪಟೆ ಮುಖದ ಲಾರಿಗಳು ಹಂತಹಂತವಾಗಿ ಮಾಯವಾದವು. ಉದ್ದ ಮೂಗೇ ಗೆದ್ದಿತು. ಸರ್ಕಾರದ ಪೆನ್ನಿನ ಒಂದು ಗೀಟು ಲಾರಿಯ ಮುಖವನ್ನೇ ಬದಲಾಯಿಸಿಬಿಡುತ್ತೆ ನೋಡಿ.

ಮುಖವನ್ನಷ್ಟೇ ಅಲ್ಲ, ಹೊಟ್ಟೆಪಾಡನ್ನೂ.

1935ರಿಂದ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಲಾರಿ ಓಡಿಸೋಕೆ ಕೇಂದ್ರದ ಒಂದು ಆಯೋಗದ ಪರವಾನಗಿ ಬೇಕಿತ್ತು. ಯಾವ ದಾರಿ, ಯಾವ ಸರಕು, ಎಲ್ಲಾ ಅದರಲ್ಲೇ ಬರೆದಿರುತ್ತಿತ್ತು. ಹೋಗುವಾಗ ತುಂಬಲು ಪರವಾನಗಿ, ಬರುವಾಗ ತುಂಬಲು ಇಲ್ಲ. ಲಾರಿ ಖಾಲಿ ಬರಬೇಕು! ಹೊಲದ ತರಕಾರಿ ಸಾಗಿಸೋಕೆ ಈ ಪರವಾನಗಿ ಬೇಡ, ಅದೇ ತರಕಾರಿಯನ್ನು ಡಬ್ಬಿಯಲ್ಲಿ ತುಂಬಿದರೆ ಬೇಕು. ಕಂಪನಿಗಳು ಒಟ್ಟಿಗೆ ಕೂತು ಬಾಡಿಗೆ ನಿಗದಿ ಮಾಡಬಹುದು, ಅದಕ್ಕೂ ಕಾನೂನಿನ ರಕ್ಷಣೆ. ಲೈಸೆನ್ಸ್ ರಾಜ್ ನಮ್ಮದು ಮಾತ್ರ ಅಂದುಕೊಂಡಿದ್ದಿರಾ? ಬಂಡವಾಳಶಾಹಿಗಳ ತವರಲ್ಲೂ ಇತ್ತು.

ಹೊಸಬರಿಗೆ ಬಾಗಿಲು ಮುಚ್ಚಿತ್ತು. ಗ್ರಾಹಕ ಹೆಚ್ಚು ದುಡ್ಡು ಕೊಡುತ್ತಿದ್ದ. ಆದರೆ ಒಳಗಿದ್ದವರಿಗೆ? ನೆಮ್ಮದಿ. 1964ರಲ್ಲಿ ಟೀಮ್‌ಸ್ಟರ್ಸ್ ಸಂಘದ ಜಿಮ್ಮಿ ಹಾಫಾ ದೇಶದ 4 ಲಕ್ಷಕ್ಕೂ ಹೆಚ್ಚು ಚಾಲಕರಿಗೆ ಒಂದೇ ವೇತನ ಒಪ್ಪಂದ ಮಾಡಿಸಿದ. ಸ್ಟೀರಿಂಗ್ ಹಿಡಿದವನು ಮನೆ ಕಟ್ಟಿದ, ಮಕ್ಕಳನ್ನು ಕಾಲೇಜಿಗೆ ಕಳಿಸಿದ, ಪಿಂಚಣಿ ಪಡೆದ. ಹಾಗಂತ ಹಾಫಾ ಸತ್ಯಹರಿಶ್ಚಂದ್ರನೇನೂ ಅಲ್ಲ. ಜೈಲಿಗೂ ಹೋಗಿಬಂದ. ಸಂಘದ ಪಿಂಚಣಿ ನಿಧಿಯ ದುಡ್ಡು ಲಾಸ್ ವೇಗಸ್‌ನ ಜೂಜಿನ ಅಡ್ಡೆಗಳಿಗೆ ಸಾಲವಾಗಿ ಹೋಯಿತು. 1975ರ ಜುಲೈ 30ರಂದು ಆತ ಡೆಟ್ರಾಯಿಟ್ ಹತ್ತಿರ ನಾಪತ್ತೆಯಾದ. ಇವತ್ತಿಗೂ ಶವ ಸಿಕ್ಕಿಲ್ಲ. ದಿನಾಂಕ ಗಮನಿಸಿದಿರಾ? ಜುಲೈ 30. ಸರಿಯಾಗಿ 48 ವರ್ಷದ ನಂತರ ಅದೇ ದಿನ ಯೆಲ್ಲೋ ನಿಂತಿತು. ಕಾಕತಾಳೀಯ. ಆದರೆ ಮೈ ಜುಂ ಅನ್ನುತ್ತೆ.

1980ರ ಜುಲೈ 1. ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಾಗಿಲು ತೆರೆದರು. ಯಾರು ಬೇಕಾದರೂ ಬನ್ನಿ, ಬಾಡಿಗೆ ನೀವೇ ಹೇಳಿ. ಇದನ್ನು ವಿರೋಧಿಸಿದವರು ಯಾರು ಗೊತ್ತೇ? ದೊಡ್ಡ ಲಾರಿ ಕಂಪನಿಗಳು ಮತ್ತು ಕಾರ್ಮಿಕ ಸಂಘ, ಇಬ್ಬರೂ ಸೇರಿ! ಸದಾ ಕಿತ್ತಾಡುವವರು ಒಂದಾದರು ಅಂದರೆ ಗೋಡೆ ಎಷ್ಟು ಗಟ್ಟಿಯಾಗಿತ್ತು ಅಂತ ಲೆಕ್ಕ ಹಾಕಿ. ಹತ್ತೇ ವರ್ಷದಲ್ಲಿ ಲಾರಿ ಕಂಪನಿಗಳ ಸಂಖ್ಯೆ ದುಪ್ಪಟ್ಟಾಯಿತು. ಬಾಡಿಗೆ ಇಳಿಯಿತು. ಅಂಗಡಿಯಲ್ಲಿ ಸಾಮಾನು ಕೊಳ್ಳುವವನಿಗೆ ಲಾಭವಾಯಿತು, ಇದು ನಿಜ. ಯಾರೂ ಅಲ್ಲಗಳೆಯೋಕೆ ಆಗಲ್ಲ.

ಆದರೆ ಬಿಲ್ ಯಾರೋ ಕಟ್ಟಬೇಕಲ್ಲ? ಚಾಲಕ ಕಟ್ಟಿದ. ಬೆಲೆಯೇರಿಕೆ ಕಳೆದು ನೋಡಿದರೆ ಅವನ ಸಂಬಳ ಕರಗುತ್ತಾ ಹೋಯಿತು. ಹಳೆಯ ಕಂಪನಿಗಳು ಒಂದೊಂದಾಗಿ ಉರುಳಿದವು. ಮ್ಯಾಲ್ಕಮ್ ಮೆಕ್‌ಲೀನ್ ಗೊತ್ತಲ್ಲ? 1956ರಲ್ಲಿ ನ್ಯೂಆರ್ಕ್‌ನಿಂದ ಹಡಗಿನಲ್ಲಿ 58 ಕಂಟೇನರ್ ಕಳಿಸಿ ಜಗತ್ತಿನ ವ್ಯಾಪಾರವನ್ನೇ ಬದಲಾಯಿಸಿದವನು. ಮೂಲತಃ ಲಾರಿ ಮಾಲೀಕ. ಅವನು ಕಟ್ಟಿ, ಮಾರಿ ಹೋಗಿದ್ದ ಲಾರಿ ಕಂಪನಿ 1986ರಲ್ಲಿ ದಿವಾಳಿ. 2002ರಲ್ಲಿ ಲೀಲಂಡ್ ಜೇಮ್ಸ್‌ನ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಮುಚ್ಚಿತು. ಯಾವತ್ತು? ಅಮೆರಿಕದ ಕಾರ್ಮಿಕ ದಿನದಂದು. 15,000ಕ್ಕೂ ಹೆಚ್ಚು ಜನರಿಗೆ ಸುದ್ದಿ ಮುಟ್ಟಿದ್ದು ಫೋನಿನಲ್ಲಿ, ರೆಕಾರ್ಡ್ ಮಾಡಿಟ್ಟ ಧ್ವನಿಯಲ್ಲಿ. ಜೀವನವಿಡೀ ದುಡಿದವನಿಗೆ ಒಂದು ಟೇಪು.

ಈಗ ಮತ್ತೆ ಯೆಲ್ಲೋಗೆ ಬನ್ನಿ. ಅವರು ಮಾಡಿದ್ದೇನು? ಸಾಲ ಮಾಡಿ ದೊಡ್ಡವರಾಗೋಕೆ ಹೊರಟರು. 2003ರಲ್ಲಿ ತಮ್ಮ ಹಳೆಯ ಪ್ರತಿಸ್ಪರ್ಧಿ ‘ರೋಡ್‌ವೇ’ಯನ್ನು ನೂರು ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡರು. 2005ರಲ್ಲಿ ಇನ್ನೊಂದು. 2008ರ ಆರ್ಥಿಕ ಹಿಂಜರಿತ ಬಂದಾಗ ಕೊರಳಿಗೆ ಸಾಲದ ಕಲ್ಲು. ಕಾರ್ಮಿಕರು 2009ರಲ್ಲಿ ಸಂಬಳದಲ್ಲಿ ಮೊದಲು 10, ಆಮೇಲೆ ಇನ್ನೂ 5 ಶೇಕಡಾ ಬಿಟ್ಟುಕೊಟ್ಟರು. ಕಂಪನಿ ಉಳಿಯಲಿ ಅಂತ. ಕೋವಿಡ್ ಕಾಲದಲ್ಲಿ ಸರ್ಕಾರ 70 ಕೋಟಿ ಡಾಲರ್ ಸಾಲ ಕೊಟ್ಟಿತು. ಕೊನೆಗೆ ಆಡಳಿತ ಮಂಡಳಿ ಸಂಘದತ್ತ ಬೆರಳು ತೋರಿಸಿತು, ಸಂಘ ಆಡಳಿತ ಮಂಡಳಿಯತ್ತ. ಬೆರಳುಗಳ ನಡುವೆ ಸಿಕ್ಕಿದ್ದು 30,000 ಕುಟುಂಬ.

ಕ್ಲೈಮ್ಯಾಕ್ಸ್ ಕೇಳಿ. ದಿವಾಳಿಯಾದ ಯೆಲ್ಲೋದ 130 ಟರ್ಮಿನಲ್‌ಗಳು ಹರಾಜಿಗೆ ಬಂದವು. ಸಿಕ್ಕಿದ್ದು ಸುಮಾರು 188 ಕೋಟಿ ಡಾಲರ್! ಓಡುವ ಕಂಪನಿಗೆ ಬೆಲೆ ಇರಲಿಲ್ಲ, ಅದು ನಿಂತ ನೆಲಕ್ಕೆ ಬಂಗಾರದ ಬೆಲೆ. ಆ ನೆಲ ಸಿಕ್ಕಿದ್ದು ಪ್ರತಿಸ್ಪರ್ಧಿಗಳಿಗೆ. ಸರ್ಕಾರದ ಸಾಲವೂ ತೀರಿತು. ದೊಡ್ಡ ಪಾಲು ಕೊಂಡ ಎಕ್ಸ್‌ಪಿಒ ಕಂಪನಿಯ ಲಾರಿ ವಿಭಾಗ ಯಾವುದು ಗೊತ್ತಾ? ಅದೇ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ 1983ರಲ್ಲಿ ಹುಟ್ಟುಹಾಕಿದ್ದ ‘ಕಾನ್‌ವೇ’. ಅಪ್ಪ ಸತ್ತ, ಮಗ ಬೇರೆ ಮನೆಗೆ ದತ್ತು ಹೋದ, ಆ ಮನೆಯವರು ಅಪ್ಪನ ಹಳೆಯ ಎದುರಾಳಿಯ ಆಸ್ತಿ ಕೊಂಡರು.

ಮತ್ತೆ ಆ ಫ್ರೈಟ್‌ಲೈನರ್? ಅದು 1981ರಲ್ಲೇ ಜರ್ಮನಿಯ ಡೈಮ್ಲರ್ ಪಾಲಾಯಿತು. ಇವತ್ತು ಅಮೆರಿಕದ ಹೆದ್ದಾರಿಯಲ್ಲಿ ಎಲ್ಲಿ ನೋಡಿದರೂ ಅದೇ. ಡೈಮ್ಲರ್ ಟ್ರಕ್‌ನ ಒಂದು ತಂತ್ರಜ್ಞಾನ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಓರೆಗಾನ್‌ನ ಬೆಟ್ಟ ಹತ್ತಬೇಕು ಅಂತ ಹುಟ್ಟಿದ ಲಾರಿಯ ಕಂಪನಿಗೆ ಇವತ್ತು ನಮ್ಮ ಹುಡುಗ ಹುಡುಗಿಯರು ಕೆಲಸ ಮಾಡ್ತಿದ್ದಾರೆ. ‘ಅಮೆರಿಕದ ಲಾರಿ ನಮಗ್ಯಾಕೆ’ ಅಂದಿರಲ್ಲ, ಅದಕ್ಕೆ ಹೇಳಿದೆ.

ವೀಕ್ಷಕರೇ, ಪರವಾನಗಿಯ ಗೋಡೆ ಬೀಳಬೇಕಿತ್ತು. ನಾನು ಅದರ ಪರ ವಾದ ಮಾಡಲ್ಲ. ಖಾಲಿ ಲಾರಿ ಓಡಿಸಿ ಅನ್ನುವ ಕಾನೂನು ಯಾವ ದೇಶವನ್ನೂ ಉದ್ಧಾರ ಮಾಡಲ್ಲ. ಆದರೆ ಗೋಡೆ ಕೆಡವುವ ಮುನ್ನ ಅದರ ನೆರಳಲ್ಲಿ ಬದುಕು ಕಟ್ಟಿಕೊಂಡವನಿಗೆ ಒಂದು ಮಾತು ಹೇಳಬೇಕಿತ್ತಲ್ಲ? ಅವನ ಪಿಂಚಣಿಗೊಂದು ದಾರಿ ಮಾಡಬೇಕಿತ್ತಲ್ಲ? ಮಾಡಲಿಲ್ಲ. ಕಂಪನಿಗಳು ಸತ್ತಂತೆ ನಿಧಿಗೆ ದುಡ್ಡು ಕಟ್ಟುವವರು ಕಡಿಮೆಯಾದರು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಟೀಮ್‌ಸ್ಟರ್ಸ್‌ನ ಅದೇ ಹಳೆಯ ಪಿಂಚಣಿ ನಿಧಿ ಮುಳುಗದಂತೆ ಅಮೆರಿಕ ಸರ್ಕಾರ ಸುಮಾರು 3,600 ಕೋಟಿ ಡಾಲರ್ ಸುರಿಯಬೇಕಾಯಿತು. ಅಗ್ಗದ ಬಾಡಿಗೆಯ ಬಾಕಿ ನಲವತ್ತೆರಡು ವರ್ಷದ ನಂತರ ಬಂತು, ತೆರಿಗೆದಾರನ ತಲೆ ಮೇಲೆ.

ವಾಲ್ಕಾಟ್‌ನಂಥ ಮ್ಯೂಸಿಯಂಗೆ ಮುಂದೊಂದು ದಿನ ಕಿತ್ತಳೆ ಬಣ್ಣದ ಲಾರಿಯೊಂದು ಬಂದು ನಿಲ್ಲಬಹುದು. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಚೆಂದದ ಗಾಡಿ. ಅದರ ಸೀಟಿನ ಮೇಲೆ ಮೂವತ್ತು ವರ್ಷ ಕೂತವನು ಈಗ ಏನು ಮಾಡ್ತಿದ್ದಾನೆ ಅಂತ ಯಾರಾದರೂ ಒಬ್ಬರು ಕೇಳಿದರೆ ಸಾಕು.