ಶಾಲೆಯ ಹಾದಿಯ ಏರು

(ಸುವರ್ಣ ಮಹೋತ್ಸವದ ಗುರುವಂದನೆ ಸಭೆಯಲ್ಲಿ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಗುರುವಂದನೆ ಅಂದರೆ ಶಾಲು ಹೊದ್ದುಕೊಂಡು, ನಾಲ್ಕು ಒಳ್ಳೆಯ ಮಾತು ಹೇಳಿ ಕೂಡುವುದು ರೂಢಿ. ಶಾಲು ಹೊದಿಸಿದಿರಿ, ಸಂತೋಷ. ಆದರೆ ಅದಕ್ಕೂ ಮೊದಲು ನಾನು ಒಂದು ಲೆಕ್ಕ ಒಪ್ಪಿಸಬೇಕಿತ್ತು. ಆ ಲೆಕ್ಕ ನಮ್ಮ ಶಾಲೆಯ ಹಾದಿಯಲ್ಲಿರುವ ಏರಿನದು. ಹಳ್ಳದ ಸೇತುವೆಯಿಂದ ಊರ ಮುಂದಿನ ಹನುಮಪ್ಪನ ಗುಡಿಯವರೆಗಿನ ಏರು. ನಿಮಗೆಲ್ಲ ಗೊತ್ತಿರುವುದೇ. ನನಗೆ ಮಾತ್ರ ಗೊತ್ತಿರಲಿಲ್ಲ.

ನಾನು ಈ ಶಾಲೆಯಲ್ಲಿ 28 ವರ್ಷ ಪಾಠ ಮಾಡಿದೆ. ಮನೆ ಶಾಲೆಯ ಹಿಂದೆಯೇ ಇತ್ತು. ಬೆಲ್ಲು ಹೊಡೆದ ಮೇಲೆ ಹೊರಟರೂ ಪ್ರಾರ್ಥನೆಗೆ ಸಿಗುತ್ತಿದ್ದೆ. ಸುರಪುರಕ್ಕೆ ಹೋಗಿ ಬರುವಾಗ ಆ ಏರನ್ನು ಸಾವಿರಾರು ಸಲ ಹತ್ತಿದ್ದೇನೆ. ಬಸ್ಸಿನಲ್ಲಿ, ಆಮೇಲೆ ಮೋಟಾರ್ ಸೈಕಲ್ ಮೇಲೆ. ಡ್ರೈವರ್ ಗೇರು ಬದಲಿಸಿದ ಸಪ್ಪಳ ಕೇಳುತ್ತಿತ್ತು, ಅಷ್ಟೆ. ಎತ್ತುವ ಕೆಲಸ ಇಂಜಿನ್ನಿನದು, ಕೂಡುವ ಕೆಲಸ ನನ್ನದು.

ನಿವೃತ್ತಿಯಾದ ಮೇಲೆ ಸುರಪುರದಲ್ಲಿ, ಗುಡ್ಡದ ಬುಡಕ್ಕೆ ಮನೆ ಮಾಡಿದೆ. ಸಕ್ಕರೆ ಕಾಯಿಲೆ ಬಂತು. ಸೈಕಲ್ ತುಳಿಯಿರಿ ಅಂದರು ಡಾಕ್ಟರು. ಮಗ ಮನೆಯಲ್ಲೇ ನಿಂತು ತಿರುಗುವ ವ್ಯಾಯಾಮದ ಸೈಕಲ್ ತಂದುಕೊಟ್ಟ. ಟಿ.ವಿ. ಮುಂದೆ ಕೂತು ದಿನಾ ನಲವತ್ತು ನಿಮಿಷ ತುಳಿಯುತ್ತಿದ್ದೆ. ಅದರ ಮೀಟರು 15 ಕಿ.ಮೀ. ಅಂತ ತೋರಿಸುತ್ತಿತ್ತು. ಆರು ತಿಂಗಳಲ್ಲಿ ನನಗೆ ಸ್ವಲ್ಪ ಸೊಕ್ಕು ಬಂತು. ಈ ಮಹೋತ್ಸವ ಸಮಿತಿಯ ಮೊದಲ ಸಭೆಗೆ ಕರೆ ಬಂದಾಗ, ಬಸ್ಸು ಯಾಕೆ, ಸೈಕಲ್ ಮೇಲೆಯೇ ಬರುತ್ತೇನೆ ಅಂದೆ. ಹಳೆಯ ಸೈಕಲ್ ಒಂದನ್ನು ಕೊಂಡು, ಎಣ್ಣೆ ಬಿಟ್ಟು, ಬೆಳಗ್ಗೆ ಎಂಟಕ್ಕೆ ಹೊರಟೆ.

ಕಾಲುವೆಯ ಪಕ್ಕದ ಸಪಾಟು ರಸ್ತೆಯಲ್ಲಿ ಏನೂ ತ್ರಾಸಾಗಲಿಲ್ಲ. ಎರಡೂ ಕಡೆ ಭತ್ತದ ಗದ್ದೆ, ಆಮೇಲೆ ಹತ್ತಿ ಹೊಲ. ಕೆಳಗಿನ ಊರು ದಾಟಿದೆ. ಹಳ್ಳದ ಸೇತುವೆ ಬಂತು. ಏರು ಶುರುವಾಯಿತು. ನೂರು ಹೆಜ್ಜೆ ಹೋಗುವುದರೊಳಗೆ ತೊಡೆ ಕಲ್ಲಾಯಿತು. ಪೆಡಲ್ಲಿನ ಮೇಲೆ ಎದ್ದು ನಿಂತು ತುಳಿದೆ. ಇನ್ನೂರು ಹೆಜ್ಜೆಗೆ ಎದೆ ಬಡಿತ ಕಿವಿಯಲ್ಲಿ ಕೇಳತೊಡಗಿತು. ಸೈಕಲ್ ಆಕಡೆ ಈಕಡೆ ವಾಲಿತು. ಇಳಿದುಬಿಟ್ಟೆ. ಇಳಿದ ಮೇಲೂ ನೂಕಲು ಆಗಲಿಲ್ಲ. ಹ್ಯಾಂಡಲ್ ಹಿಡಿದುಕೊಂಡು ಬೇವಿನ ಗಿಡಕ್ಕೆ ಆತು ನಿಂತೆ.

ಹಿಂದಿನಿಂದ ಐದಾರು ಹುಡುಗಿಯರು ಸೈಕಲ್ ನೂಕುತ್ತ ಬಂದರು. ನಮ್ಮ ಶಾಲೆಯ ಸಮವಸ್ತ್ರ. ಅವರು ಸೇತುವೆಯ ಹತ್ತಿರವೇ ಇಳಿದಿದ್ದರು. ಒಬ್ಬಳು ನನ್ನನ್ನು ನೋಡಿ ನಿಂತಳು.

"ಸರ್, ಸೇತುವೆ ಹಂತೇಕೇ ಇಳೀಬೇಕ್ರಿ. ದಮ್ಮು ಹೋಗೋತನಕ ತುಳಿದ್ರ ಆಮ್ಯಾಲ ನೂಕಾಕೂ ಆಗಂಗಿಲ್ರಿ."

"ದಿನಾ ಹಿಂಗೇ ನೂಕ್ತೀರೇನವ್ವ?" ಅಂದೆ.

"ಮತ್ತೇನ್ ಮಾಡೋದ್ರಿ ಸರ್, ಬೆಲ್ಲು ಹೊಡೀತಾರಲ್ರಿ" ಅಂದು ಹೊರಟುಹೋದಳು.

ಆ ಮಾತು ಕೇಳಿ ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಆ ಬೆಲ್ಲು ಹೊಡೆಸುತ್ತಿದ್ದವನು, ಹೊಡೆದ ಮೇಲೆ ಗೇಟು ಹಾಕಿಸುತ್ತಿದ್ದವನು ನಾನೇ.

ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬೇಕು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಅದು ಬಹಳ ದೊಡ್ಡ ಕೆಲಸ. ಕೆಳಗಿನ ಹಳ್ಳಿಗಳಿಂದ ಏಳನೆಯ ತರಗತಿಗೇ ಶಾಲೆ ಬಿಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಈ ಅಂಗಳಕ್ಕೆ ಬಂದದ್ದು ಆ ಸೈಕಲ್ಲಿನ ಮೇಲೆ. ನಾನು ಮಾತ್ರ ಅದನ್ನು ಬೇರೆ ರೀತಿ ಓದಿದೆ. ಸೈಕಲ್ ಬಂತು, ಇನ್ನು ತಡವಾಗಲು ನೆಪ ಇಲ್ಲ ಅಂದೆ. ತಡವಾಗಿ ಬಂದವರನ್ನು ಮೊದಲ ಪೀರಿಯಡ್ಡು ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಅದಕ್ಕೊಂದು ತರ್ಕವನ್ನೂ ಕಟ್ಟಿದ್ದೆ: "ಸಂಜೆ ಮನೆಗೆ ಹದಿನೈದು ನಿಮಿಷದಲ್ಲಿ ಮುಟ್ಟುತ್ತೀರಿ. ಬೆಳಗ್ಗೆ ಅದೇ ದಾರಿಗೆ ಮುಕ್ಕಾಲು ಗಂಟೆ ಯಾಕೆ? ಮೈಗಳ್ಳತನ!" ವಿಜ್ಞಾನದ ಮಾಸ್ತರ ಹೇಳಿದ್ದೆಂದು ಎಲ್ಲರೂ ಒಪ್ಪಿದರು. ಸಂಜೆಯದು ಇಳಿಜಾರು, ಬೆಳಗಿನದು ಏರು ಎಂಬುದು ಆ ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ.

ಸಭೆ ಮುಗಿದ ಮರುವಾರ ಒಬ್ಬ ಗೌಂಡಿಯನ್ನು ಕರೆದುಕೊಂಡು, ಮನೆ ಕಟ್ಟುವಾಗ ಮಟ್ಟ ನೋಡುವ ನೀರಿನ ಕೊಳವೆ ಹಿಡಿದು ಆ ಏರನ್ನು ಅಳೆದೆ. ಇಪ್ಪತ್ತು ಇಪ್ಪತ್ತು ಮೀಟರಿನಂತೆ 45 ಸಲ ಕೊಳವೆ ಹಿಡಿದೆವು. ಉದ್ದ ಸುಮಾರು 900 ಮೀಟರು, ಎತ್ತರ ಸುಮಾರು 45 ಮೀಟರು. ಇಪ್ಪತ್ತಕ್ಕೆ ಒಂದು. ಕಣ್ಣಿಗೆ ಅದು ಏರು ಅನ್ನಿಸುವುದೇ ಇಲ್ಲ. ಬಸ್ಸಿನ ಕಿಟಕಿಯಿಂದಂತೂ ಇಲ್ಲವೇ ಇಲ್ಲ.

ಈಗ ಒಂಬತ್ತನೆಯ ತರಗತಿಯ ಪಾಠ. ಕೆಲಸ ಅಂದರೆ ಬಲ ಗುಣಿಸು ಸ್ಥಾನಪಲ್ಲಟ. ಸಪಾಟು ನೆಲದಲ್ಲಿ ಸೈಕಲ್ ಓಡಿಸುವವನು ಗಾಲಿಯ ಘರ್ಷಣೆ, ಎದುರು ಗಾಳಿ ಇವೆರಡನ್ನೇ ಗೆಲ್ಲಬೇಕು. ಏರಿನಲ್ಲಿ ಅವನು ತನ್ನನ್ನೂ ಸೈಕಲ್ಲನ್ನೂ ಮೇಲಕ್ಕೆ ಎತ್ತಬೇಕು. ನನ್ನ ತೂಕ 72 ಕೆ.ಜಿ., ಸೈಕಲ್ 18, ಒಟ್ಟು 90. ಇಪ್ಪತ್ತಕ್ಕೆ ಒಂದು ಏರಿನಲ್ಲಿ ನಾಲ್ಕೂವರೆ ಕೆ.ಜಿ. ಭಾರ ತೂಗಿಬಿಟ್ಟಂತೆ ಯಾರೋ ಕ್ಯಾರಿಯರ್ ಹಿಡಿದು ಹಿಂದಕ್ಕೆ ಜಗ್ಗುತ್ತಲೇ ಇರುತ್ತಾರೆ. ಗುಡಿ ಮುಟ್ಟುವವರೆಗೆ ಬಿಡುವುದಿಲ್ಲ. ಸಪಾಟಿನಲ್ಲಿ ಗಂಟೆಗೆ 15 ಕಿ.ಮೀ. ಹೋಗಲು ಸುಮಾರು 50-60 ವ್ಯಾಟ್ ಶಕ್ತಿ ಸಾಕು. ಈ ಏರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗಲು ಹೆಚ್ಚುಕಡಿಮೆ 150 ವ್ಯಾಟ್ ಬೇಕು. ಮನೆಯ ಸೈಕಲ್ಲು ಎಷ್ಟು ತುಳಿದರೂ ನನ್ನನ್ನು ಒಂದು ಅಂಗುಲವೂ ಮೇಲಕ್ಕೆ ಎತ್ತಿರಲಿಲ್ಲ. ಅದರ ಮೀಟರು ಕೊಟ್ಟ ಶಿಫಾರಸು ಇಲ್ಲಿ ನಡೆಯಲಿಲ್ಲ.

ತಾಯಂದಿರಿಗೆ ಬಾವಿಯ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತು ಮೀಟರು ಆಳದ ಬಾವಿಯಿಂದ 15 ಲೀಟರಿನ ಕೊಡ ಸೇದಬೇಕು. ಮಗುವಿನ ತೂಕ 40 ಕೆ.ಜಿ., ಸೈಕಲ್ 18, ಪುಸ್ತಕದ ಚೀಲ 5. ಒಟ್ಟು 63 ಕೆ.ಜಿ. ಅದನ್ನು 45 ಮೀಟರು ಎತ್ತುವುದೂ ಅಂಥ 19 ಕೊಡ ನೀರು ಸೇದುವುದೂ ಒಂದೇ. ಪ್ರಾರ್ಥನೆಗೆ ಕೈ ಮುಗಿಯುವ ಮೊದಲು ನಮ್ಮ ಮಕ್ಕಳು ದಿನಾ 19 ಕೊಡ ಸೇದಿ ಬರುತ್ತಿದ್ದರು. ಬಂದವರನ್ನು ನಾನು ಬಿಸಿಲಿಗೆ ನಿಲ್ಲಿಸಿದೆ.

ಏರಿನ ಬೆಲೆ ನಮ್ಮ ಸೀಮೆಯ ಅರಸರಿಗೆ ಚೆನ್ನಾಗಿ ಗೊತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ, ವಾಗಣಗೇರಾ, ಎಲ್ಲಿ ನೋಡಿದರೂ ಗುಡ್ಡವೇ ಕಾವಲು. 1705ರಲ್ಲಿ ಔರಂಗಜೇಬ ತಾನೇ ದಂಡು ತಂದು ವಾಗಣಗೇರಾಕ್ಕೆ ಮುತ್ತಿಗೆ ಹಾಕಿದಾಗ ಅಷ್ಟು ದೊಡ್ಡ ಸೈನ್ಯವೂ ತಿಂಗಳುಗಟ್ಟಲೆ ಕೆಳಗೆ ಕಾಯಬೇಕಾಯಿತು. ಹತ್ತುವವನು ಅರ್ಧ ದಾರಿಯಲ್ಲೇ ದಣಿಯುತ್ತಾನೆ ಎಂಬುದು ಕೋಟೆ ಕಟ್ಟಿದವರ ಲೆಕ್ಕ. ವೈರಿಯನ್ನು ದಣಿಸಲು ಹುಡುಕಿದ ಏರಿನಂಥದ್ದನ್ನೇ ನಾವು ಮಕ್ಕಳ ಹಾದಿಗೆ ಇಟ್ಟು ಮರೆತುಬಿಟ್ಟೆವು.

ಸೈಕಲ್ಲಿನಿಂದ ಇಳಿದು ನೂಕುವುದು ಅವಮಾನ ಅಂತ ಗಂಡುಹುಡುಗರು ತಿಳಿದಿದ್ದೀರಿ. ಒಂದು ಸಂಗತಿ ಹೇಳುತ್ತೇನೆ. ಫ್ರಾನ್ಸಿನಲ್ಲಿ 1903ರಿಂದ ನಡೆಯುವ ಟೂರ್ ದ ಫ್ರಾನ್ಸ್ ಜಗತ್ತಿನ ಅತಿ ಪ್ರಸಿದ್ಧ ಸೈಕಲ್ ಸ್ಪರ್ಧೆ. 1910ರಲ್ಲಿ ಅದನ್ನು ಮೊದಲ ಸಲ ಪಿರನೀಸ್ ಎಂಬ ದೊಡ್ಡ ಪರ್ವತಗಳ ಮೇಲೆ ಹಾಯಿಸಿದರು. ಆ ವರ್ಷ ಗೆದ್ದ ಆಕ್ಟಾವ್ ಲಾಪೀಜ್ ಕೂಡ ತೂರ್ಮಲೆ ಎಂಬ ಘಟ್ಟದಲ್ಲಿ ಕೆಲವು ಕಡೆ ಇಳಿದು, ಸೈಕಲ್ ನೂಕಿಕೊಂಡು ನಡೆದ. ಸವಾರಿ ಮಾಡುವಾಗಲೇ ಗೇರು ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಒಪ್ಪಿಗೆ ಸಿಕ್ಕದ್ದು 1937ರಲ್ಲಿ. ನಮ್ಮ ಮಕ್ಕಳ ಸೈಕಲ್ಲಿಗೆ ಇವತ್ತಿಗೂ ಒಂದೇ ಗೇರು. ಗೆದ್ದವನೇ ಇಳಿದು ನೂಕಿದ್ದಾನೆ. ನೀವೂ ಸೇತುವೆಯ ಹತ್ತಿರ ಇಳಿಯಿರಿ. ಹಾವಿನಂತೆ ಅಡ್ಡಾದಿಡ್ಡಿ ತುಳಿದರೆ ಏರು ಹಗುರಾಗುವುದು ನಿಜ, ದಾರಿ ಉದ್ದವಾಗಿ ಜಗ್ಗುವ ಬಲ ಕಡಿಮೆಯಾಗುತ್ತದೆ. ಆದರೆ ಆ ರಸ್ತೆಯಲ್ಲಿ ಟ್ರ್ಯಾಕ್ಟರು ಟಿಪ್ಪರು ಓಡಾಡುತ್ತವೆ. ಅದು ಬೇಡ.

ಈಗ ನಿಜವಾದ ಲೆಕ್ಕ. ಯಾದಗಿರಿ ಹೊಸ ಜಿಲ್ಲೆಯಾದ ಹೊತ್ತಿನಲ್ಲಿ, 2010ರ ಆಸುಪಾಸಿನಲ್ಲಿ, ಕೆಳಗಿನ ಊರಿನಿಂದ ಎಂಟನೆಯ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಗಣಿತದಲ್ಲಿ ಚುರುಕು. ಒಂದು ವಾರದಲ್ಲಿ ನಾಲ್ಕು ದಿನ ತಡವಾಗಿ ಬಂದಳು. ನಾಲ್ಕೂ ದಿನ ಗೇಟಿನ ಹೊರಗೆ ನಿಂತಳು. "ಸರ್, ಏರು" ಅಂತ ಏನೋ ಹೇಳಲು ಬಂದಳು. ಎದುರು ಮಾತಾಡಬೇಡ ಅಂದೆ. ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಅವಳು ಶಾಲೆ ಬಿಡಲು ಮನೆಯ ಕಷ್ಟ, ಹತ್ತಿ ಬಿಡಿಸುವ ಕೂಲಿ, ತಮ್ಮಂದಿರನ್ನು ನೋಡಿಕೊಳ್ಳುವುದು, ಇನ್ನೂ ಹತ್ತು ಕಾರಣ ಇದ್ದಿರಬಹುದು. ಆ ಪಟ್ಟಿಯಲ್ಲಿ ನನ್ನ ಗೇಟೂ ಒಂದು. ಅವಳ ಹೆಸರು ನನಗೆ ನೆನಪಿದೆ. ಈ ಸಭೆಯಲ್ಲಿ ಹೇಳುವುದಿಲ್ಲ. ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಚಹಾ ಕೊಟ್ಟಳು. ನಾನು ತಪ್ಪಾಯಿತು ಅಂದಾಗ, "ಹೋಗ್ಲಿ ಬಿಡ್ರಿ ಸರ್, ನಿಮಗೇನ್ ಗೊತ್ತಿತ್ತು" ಅಂದಳು. ಅದು ಕ್ಷಮೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ. ಎರಡೂ ಇರಬಹುದು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಶಹಾಪುರದ ಗುಡ್ಡಸಾಲನ್ನು ರಸ್ತೆಯಲ್ಲಿ ನಿಂತು ನೋಡಿದರೆ ಬುದ್ಧ ಮಲಗಿದಂತೆ ಎಷ್ಟು ಶಾಂತವಾಗಿ ಕಾಣುತ್ತದೆ. ಹತ್ತಿ ನೋಡಿದವರಿಗೆ ಅದು ಬಂಡೆ. ಕಾಗದದ ಮೇಲಿನ ದೂರವೂ ಹಾಗೆಯೇ. 2009ರಲ್ಲಿ ಮಾಧ್ಯಮಿಕ ಶಿಕ್ಷಣ ಅಭಿಯಾನ ಬಂದಾಗ ಪ್ರತಿ ಜನವಸತಿಗೆ 5 ಕಿ.ಮೀ. ಒಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಇಟ್ಟರು. ಒಳ್ಳೆಯ ಗುರಿ. ಕೆಳಗಿನ ಊರಿನ ಮುಂದೆ "4 ಕಿ.ಮೀ." ಅಂತ ನಾನೇ ನನ್ನ ಕೈಯಾರೆ ಬರೆದಿದ್ದೇನೆ. ಏರು ಎಷ್ಟು ಎಂದು ಬರೆಯಲು ಅಲ್ಲಿ ಜಾಗ ಇರಲಿಲ್ಲ. ಕೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘ ಈ ಸಂಭ್ರಮದ ನೆನಪಿಗೆ ಕಮಾನು ಕಟ್ಟಿಸುವ ಮಾತಾಡುತ್ತಿದೆ. ಕಟ್ಟಿಸಿರಿ. ಅದರ ಜೊತೆಗೆ ಮೂರು ಸಣ್ಣ ಕೆಲಸ ಮಾಡಿರಿ. ಮೊದಲನೆಯದು, ವರ್ಷಕ್ಕೆ ಎರಡು ಸಲ, ಜೂನ್ ಮತ್ತು ನವೆಂಬರ್ ತಿಂಗಳಲ್ಲಿ, ಒಬ್ಬ ಸೈಕಲ್ ರಿಪೇರಿಯವನನ್ನು ಶಾಲೆಗೆ ಕರೆಸಿ ಎಲ್ಲ ಸೈಕಲ್ಲಿನ ಬ್ರೇಕು ನೋಡಿಸಿರಿ. ಬೆಳಗಿನ ಏರು ದಣಿಸುತ್ತದೆ, ಸಂಜೆಯ ಇಳಿಜಾರು ಬೀಳಿಸುತ್ತದೆ. ತುಳಿಯದೆ ಬಿಟ್ಟರೂ ಅಲ್ಲಿ ಸೈಕಲ್ ಗಂಟೆಗೆ 30 ಕಿ.ಮೀ. ಮುಟ್ಟುತ್ತದೆ. ಸವೆದ ಬ್ರೇಕಿನ ರಬ್ಬರಿನ ಬೆಲೆ ಕಮಾನಿನ ಒಂದು ಇಟ್ಟಿಗೆಯಷ್ಟೂ ಆಗಲಿಕ್ಕಿಲ್ಲ. ಎರಡನೆಯದು, ಏರಿನ ಉದ್ದಕ್ಕೂ ಬೇವಿನ ಗಿಡ ಹಚ್ಚಿರಿ, ಮೇಲೆ ಗುಡಿಯ ಹತ್ತಿರ ಬೇಸಿಗೆಯಲ್ಲಿ ಒಂದು ಅರವಟ್ಟಿಗೆ ಇಡಿರಿ. ಮೊದಲ ವರ್ಷದ ಅರವಟ್ಟಿಗೆ ನನ್ನದು. ಮೂರನೆಯದು ಈಗಿರುವ ಗುರುಗಳಿಗೆ ಒಂದು ವಿನಂತಿ. ತಡವಾಗಿ ಬಂದ ಮಗುವನ್ನು ಮೊದಲು ಒಳಗೆ ಕರೆಯಿರಿ, ನೀರು ಕುಡಿಸಿರಿ, ಆಮೇಲೆ ಯಾಕೆ ತಡ ಅಂತ ಕೇಳಿರಿ. ಸಾಧ್ಯವಾದರೆ ವರ್ಷದಲ್ಲಿ ಒಂದು ದಿನ ಆ ಮಗುವಿನ ಊರಿನಿಂದ ಶಾಲೆಗೆ ಸೈಕಲ್ ಮೇಲೆ ಬನ್ನಿರಿ.

ನಾನು ಇವತ್ತೂ ಸೈಕಲ್ ಮೇಲೆಯೇ ಬಂದೆ. ಸೇತುವೆಯ ಹತ್ತಿರ ಇಳಿದು, ಮಕ್ಕಳ ಜೊತೆ ನೂಕಿಕೊಂಡು ಬಂದೆ. ಹತ್ತು ನಿಮಿಷ ತಡವಾಯಿತು. ಗೇಟು ತೆರೆದಿತ್ತು.