ಮೆಣಸಗಿಯ ಹುಡುಗ ಕೇಳಿದ ಪ್ರಶ್ನೆ



ಟಿಕೆಟ್ ಯಾರಿಗೆ ಸಿಗುತ್ತೆ, ಯಾರು ಬಂಡಾಯ ಏಳ್ತಾರೆ, ಯಾರು ಯಾವ ಪಕ್ಷಕ್ಕೆ ಹಾರ್ತಾರೆ ಅನ್ನೋದನ್ನ ಇವತ್ತು ಒಂದು ಹದಿನೈದು ನಿಮಿಷ ಪಕ್ಕಕ್ಕಿಡೋಣ. ಚುನಾವಣೆ ಎಲ್ಲಿಗೂ ಓಡಿಹೋಗಲ್ಲ. ನಾಳೆ ಬೆಳಿಗ್ಗೆ ಆರು ಗಂಟೆಗೇ ಮತ್ತೆ ಅದನ್ನೇ ಹಾಕ್ತೀವಿ, ನೀವೂ ನೋಡ್ತೀರಿ, ಬೈಕೊಂಡೇ ನೋಡ್ತೀರಿ.

ಮೊನ್ನೆ ನಾನು ಮೆಣಸಗಿಗೆ ಹೋಗಿದ್ದೆ. ಗದಗ ಜಿಲ್ಲೆ, ರೋಣ ತಾಲ್ಲೂಕು. ಮಲಪ್ರಭಾ ಹೊಳೆ ಉಕ್ಕಿದಾಗ ಮಾತ್ರ ಈ ಊರಿನ ಹೆಸರು ನಮ್ಮ ಟಿವಿಯಲ್ಲಿ ಕಾಣಿಸುತ್ತೆ. 2009ರಲ್ಲಿ ಬಂತು, 2019ರಲ್ಲಿ ಬಂತು. ನೀರು ಇಳಿದ ಮೇಲೆ ನಮ್ಮ ಕ್ಯಾಮೆರಾನೂ ಹೊರಟುಬಿಡುತ್ತೆ. ಈ ಸಲ ಹೋಗಿದ್ದು ಪ್ರವಾಹಕ್ಕಲ್ಲ, ಹೈಸ್ಕೂಲು ಹುಡುಗರ ಜತೆ ಮಾತಾಡೋದಕ್ಕೆ. ಟಿವಿಯವರು ಬಂದಿದ್ದಾರೆ ಅಂತ ಹುಡುಗರು ಅಂಗಿ ಇಸ್ತ್ರಿ ಮಾಡಿಸ್ಕೊಂಡು ಬಂದು ಕೂತಿದ್ರು. ಪತ್ರಕರ್ತ ಆಗೋದು ಹೇಗೆ ಅಂತ ನಾನು ಅರ್ಧ ಗಂಟೆ ಉಪದೇಶ ಮಾಡಿದೆ. ಸತ್ಯ ಹೇಳಬೇಕು, ಜನರ ಪರ ಇರಬೇಕು, ಇತ್ಯಾದಿ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಒಂಬತ್ತನೇ ಕ್ಲಾಸು, ಕಡ್ಡಿ ಥರ ಇದಾನೆ.

‘ಸರ, ನಮ್ಮ ಕರ್ನಾಟಕ ಫುಟ್‌ಬಾಲ್‌ನ್ಯಾಗ ಸಂತೋಷ್ ಟ್ರೋಫಿ ಗೆದ್ದೈತಲ್ರಿ. ನಿಮ್ಮ ಟಿವ್ಯಾಗ ಯಾಕ ತೋರಿಸ್ಲಿಲ್ರಿ?’

ನಾನು ಕಕ್ಕಾಬಿಕ್ಕಿ. ತೋರಿಸಿದ್ವಪ್ಪಾ ಅಂದೆ. ‘ಇಲ್ರಿ, ಕೆಳಗ ಓಡ್ತೈತಲ್ರಿ ಪಟ್ಟಿ, ಅದ್ರಾಗ ಒಂದ್ ಲೈನ್ ಬಂದಿತ್ರಿ. ನಾ ರಾತ್ರಿ ಕುಂತು ನೋಡೀನ್ರಿ’ ಅಂದ.

ಅವನು ಹೇಳಿದ್ದು ನಿಜ. ಮಾರ್ಚ್ 4, ಶನಿವಾರ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದುಕೊಂಡಿತು. ನಾವು ಹಿಂದಿನ ಸಲ ಗೆದ್ದಿದ್ದು 1968–69ರಲ್ಲಿ. ಆಗ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರೇ ಇರಲಿಲ್ಲ, ತಂಡದ ಹೆಸರು ಮೈಸೂರು. ಅಂದ್ರೆ ಕರ್ನಾಟಕ ಅಂತ ಹೆಸರಿಟ್ಟುಕೊಂಡ ಮೇಲೆ ಈ ಕಪ್ಪು ನಮಗೆ ಬಂದಿದ್ದು ಇದೇ ಮೊದಲು. ಐವತ್ನಾಲ್ಕು ವರ್ಷ! ಅದೇ ದಿನ ನಾವೇನು ತೋರಿಸ್ತಾ ಇದ್ವಿ? ಶಾಸಕರೊಬ್ಬರ ಮಗನ ಮನೆಯಲ್ಲಿ ಲೋಕಾಯುಕ್ತದವರಿಗೆ ಸಿಕ್ಕ ನೋಟಿನ ಕಂತೆ. ಅದು ಸುದ್ದಿಯೇ, ನಾನು ಅಲ್ಲ ಅನ್ನಲ್ಲ. ಆದ್ರೆ ಆ ನೋಟಿನ ಕಂತೆಯ ಚಿತ್ರವನ್ನ ಎಷ್ಟು ಸಲ ತಿರುಗಿಸಿ ತಿರುಗಿಸಿ ಹಾಕಿದ್ವಿ ಅಂತ ನನಗೇ ಲೆಕ್ಕ ಇಲ್ಲ. ಕಪ್ಪಿಗೆ ಒಂದು ಸಾಲು.

ಬೆಂಗಳೂರಿಗೆ ವಾಪಸ್ ಬರೋವಾಗ ರೈಲಿನಲ್ಲಿ ನಿದ್ದೆ ಬರಲಿಲ್ಲ. ಯಾಕಂದ್ರೆ ಈ ತಪ್ಪು ನಾನು ಮೊದಲನೇ ಸಲ ಮಾಡಿದ್ದಲ್ಲ.

ನಾನು ಬೆಂಗಳೂರಿಗೆ ಬಂದ ಹೊಸದು. ವರದಿಗಾರನ ಕೆಲಸ, ತಿಂಗಳ ಕೊನೆಗೆ ಜೇಬು ಖಾಲಿ. ಒಂದು ಮಧ್ಯಾಹ್ನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಶಾಲಾ ಹುಡುಗರ ಪಂದ್ಯ ಇದೆ, ಹೋಗಿ ಬಾ ಅಂದ್ರು. ಹೋದೆ. ಒಂದು ಕಡೆ ದೊಡ್ಡ ಶಾಲೆ. ಒಂದೇ ಥರದ ಬೂಟು, ಒಂದೇ ಥರದ ಚೀಲ, ಇಂಗ್ಲಿಷಲ್ಲಿ ಹುರಿದುಂಬಿಸೋ ಹಳೇ ವಿದ್ಯಾರ್ಥಿಗಳು. ಇನ್ನೊಂದು ಕಡೆ ಹತ್ತಿರದ ಬಡಾವಣೆಯ ಸಣ್ಣ ಶಾಲೆ. ಆ ಹುಡುಗರ ಬೂಟು ಅಣ್ಣಂದಿರದ್ದು, ದಾರ ಎರಡು ಸುತ್ತು ಸುತ್ತಿ ಕಟ್ಟಿದ್ರು. ಅವರ ಪರವಾಗಿ ಕೂಗ್ತಿದ್ದ ಜನರಲ್ಲಿ ಮೀನು ಮಾರೋ ಹೆಂಗಸರಿದ್ರು, ಆಟೋದವರಿದ್ರು. ಒಂದೇ ಬಾಯಲ್ಲಿ ತಮಿಳು, ಕನ್ನಡ, ದಖನಿ ಉರ್ದು, ಎಲ್ಲಾ. ಸಣ್ಣ ಶಾಲೆ ಗೆದ್ದಿತು. ಕಪ್ಪು ಹಿಡಿದ ಹುಡುಗನನ್ನ ಹೆಗಲ ಮೇಲೆ ಹೊತ್ತುಕೊಂಡು ತಮಟೆ ಹೊಡ್ಕೊಂಡು ನಡೆದೇ ಹೋದ್ರು. ನಾನು ಆಫೀಸಿಗೆ ಬಂದು ಒಂದೂವರೆ ಪುಟ ಬರೆದೆ. ಹಿರಿಯರೊಬ್ಬರು ಓದಿ, ‘ಇದು ದಂಡಿನವರ ವಿಷಯ ಕಣಯ್ಯಾ, ನಮ್ಮ ಓದುಗರದ್ದಲ್ಲ’ ಅಂದು ಪಕ್ಕಕ್ಕಿಟ್ರು. ನಾನು ಜಗಳ ಆಡಲಿಲ್ಲ. ಹೌದು ಅಂತ ಅನ್ನಿಸಿಬಿಟ್ಟಿತ್ತು ನನಗೂ.

ಹಳಬರಿಗೆ ದಂಡು ಅಂದ್ರೆ ಗೊತ್ತು. ಹೊಸಬರಿಗಾಗಿ ಹೇಳ್ತೀನಿ. ಬೆಂಗಳೂರು ಅಂದ್ರೆ ಒಂದೂರಲ್ಲ, ಎರಡೂರು. ಒಂದು ಕೆಂಪೇಗೌಡರ ಪೇಟೆ. ಇನ್ನೊಂದು ಬ್ರಿಟಿಷರು 1809ರಿಂದ ಕಟ್ಟಿಕೊಂಡ ಕಂಟೋನ್ಮೆಂಟು, ಜನರ ಬಾಯಲ್ಲಿ ದಂಡು. ನಡುವೆ ಕಬ್ಬನ್ ಪಾರ್ಕು. ಸೈನ್ಯದ ಜತೆ ಮದರಾಸು ಕಡೆಯಿಂದ ಸಿಪಾಯಿಗಳು ಬಂದ್ರು, ಅಡುಗೆಯವರು, ಕುದುರೆ ನೋಡಿಕೊಳ್ಳೋರು, ಚರ್ಮದ ಕೆಲಸದವರು, ಬಟ್ಟೆ ಒಗೆಯೋರು ಬಂದ್ರು. ಆಂಗ್ಲೋ ಇಂಡಿಯನ್ನರು ಬಂದ್ರು. ಈ ಎರಡೂರೂ ಒಂದೇ ಪುರಸಭೆ ಕೆಳಗೆ ಬಂದಿದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ. ಕಾಗದದ ಮೇಲೆ ಒಂದಾಯ್ತು. ಮನಸ್ಸಲ್ಲಿ? ಬಸವನಗುಡಿ, ಮಲ್ಲೇಶ್ವರದ ಹುಡುಗರಿಗೆ ಕ್ರಿಕೆಟ್ಟು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರಿಗೆ ಫುಟ್‌ಬಾಲು. ಆಟದಲ್ಲೇ ಗಡಿ.

ದಂಡಿನ ಒಳಗೂ ಗಡಿ ಇತ್ತು. ಅಲ್ಲಿ ಹೈಸ್ಕೂಲು ಫುಟ್‌ಬಾಲ್ ಅಂದ್ರೆ ಮೊದಲು ನೆನಪಾಗೋದು ಎರಡು ಹೆಸರು. ಸೇಂಟ್ ಜೋಸೆಫ್ಸ್, 1858ರದ್ದು. ಬಿಷಪ್ ಕಾಟನ್, 1865ರದ್ದು. ಒಂದು ಕ್ಯಾಥೊಲಿಕ್ಕರದ್ದು, ಇನ್ನೊಂದು ಆಂಗ್ಲಿಕನ್ನರದ್ದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಹೋಗಬಹುದು, ಅಷ್ಟು ಹತ್ತಿರ. ಇಬ್ಬರ ನಡುವೆ ಪಂದ್ಯ ಇದ್ರೆ ಅಪ್ಪ, ಅಜ್ಜ ಎಲ್ಲಾ ಬಂದು ಕೂರ್ತಾರೆ. ಶುರುವಾದಾಗ ಇವು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳ ಶಾಲೆಗಳು. ಭಾರತೀಯ ಹುಡುಗರಿಗೆ ಅಂತ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲು ಬೇರೆಯಾಗಿದ್ದು 1904ರಲ್ಲಿ. ಸಂತನ ಹೆಸರು ಒಂದೇ, ಬೆಂಚು ಬೇರೆ ಬೇರೆ! 1947ರ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಅಂತ ಹೊರಟವು. ಅವರು ಬಿಟ್ಟ ಬೆಂಚಿನಲ್ಲಿ ಪೇಟೆಯ ವ್ಯಾಪಾರಿಗಳ ಮಕ್ಕಳು, ಕೊಡಗಿನ ಪ್ಲಾಂಟರುಗಳ ಮಕ್ಕಳು, ಅಧಿಕಾರಿಗಳ ಮಕ್ಕಳು, ಈಗ ಸಾಫ್ಟ್‌ವೇರ್ ಕಂಪನಿಯವರ ಮಕ್ಕಳು. ಶಾಲೆಯ ಹಾಡು ಬದಲಾಗಲಿಲ್ಲ. ಹಾಡೋರು ಬದಲಾದ್ರು. ಎದುರಾಳಿ ಶಾಲೆ ಮೇಲಿನ ಕೋಪ ಮಾತ್ರ ಹೊಸಬರಿಗೂ ಹಾಗೇ ಅಂಟಿಕೊಂಡಿದೆ, ನೋಡಿ. ಊರಿಗೆ ಬಂದು ಮೂರು ತಿಂಗಳಾದ ಹುಡುಗನೂ ನೂರು ವರ್ಷದ ದ್ವೇಷವನ್ನ ತನ್ನದೇ ಅಂತ ಕೂಗ್ತಾನೆ. ಒಂದೂರಿಗೆ ಸೇರಿಕೊಳ್ಳೋಕೆ ಇದಕ್ಕಿಂತ ಬೇಗದ ದಾರಿ ನಾನು ಕಂಡಿಲ್ಲ.

ಆದ್ರೆ ದೇಶಕ್ಕೆ ಆಟಗಾರರನ್ನ ಕೊಟ್ಟಿದ್ದು ಈ ದೊಡ್ಡ ಶಾಲೆಗಳ ಹುಲ್ಲಿನ ಅಂಗಳಕ್ಕಿಂತ ಹೆಚ್ಚಾಗಿ ಸುತ್ತಲಿನ ಮಣ್ಣಿನ ಬಯಲು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. ಬಿಳಿಯರ ಪಲ್ಟನ್ನುಗಳೇ ಆಳ್ತಿದ್ದ ಟೂರ್ನಿ ಅದು. 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಪಂದ್ಯ, ಎದುರು ಫ್ರಾನ್ಸ್. ನಮ್ಮವರಲ್ಲಿ ಬಹುತೇಕರು ಬರಿಗಾಲು. ಭಾರತದ ಗೋಲು ಹೊಡೆದದ್ದು ಮೈಸೂರು ತಂಡದ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿ. ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದು. ಆ ಒಂದು ನಮ್ಮ ಅಹಮದ್ ಖಾನ್‌ದು.

ಅಹಮದ್ ಖಾನ್ ಅಂದಾಗ ಇನ್ನೊಂದು ಮಾತು ಹೇಳ್ಲೇಬೇಕು. ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಅಂತ ಕ್ಲಬ್ಬು, 1920ರದ್ದು. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಎಲ್ಲಾ ಕಳಕೊಂಡು ಬಂದ ನಿರಾಶ್ರಿತರಿಗೆ ಅದೇ ಊರು, ಅದೇ ಮನೆ. ಮೋಹನ್ ಬಾಗಾನ್ ಸ್ಥಳೀಯರದ್ದು, ಇದು ಬಂದವರದ್ದು. ಆ ಕಾಲದಲ್ಲಿ ಅವರ ಮುಂಪಡೆಯ ಐವರನ್ನ ಪಂಚಪಾಂಡವರು ಅಂತಿದ್ರು. ಅಹಮದ್ ಖಾನ್, ವೆಂಕಟೇಶ್, ಧನರಾಜ್, ಅಪ್ಪಾರಾವ್, ಸಾಲೆ. ಮೊದಲ ಮೂವರು ಬೆಂಗಳೂರಿನವರು. ಐವರಲ್ಲಿ ಒಬ್ಬನೂ ಬಂಗಾಳಿ ಅಲ್ಲ! ಬಂಗಾಳಿ ನಿರಾಶ್ರಿತನ ಮಾನ ಕಾಪಾಡಿದ್ದು ಬೆಂಗಳೂರಿನ ದಂಡಿನ ಹುಡುಗರು. ಅಲ್ಲಿಯವರು ಅವರನ್ನ ತಲೆ ಮೇಲೆ ಹೊತ್ತುಕೊಂಡು ಕುಣಿದ್ರು. ಇಲ್ಲಿ ನಾವು? ‘ದಂಡಿನವರ ವಿಷಯ’.

ಗೌತಮಪುರಕ್ಕೆ ಹೋದ್ರೆ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಪ್ರತಿಮೆಗಳ ಜತೆಗೆ ಪೆಲೆ. ಬ್ರೆಜಿಲ್ ವಿಶ್ವಕಪ್ಪಲ್ಲಿ ಸೋತ್ರೆ ಅಲ್ಲಿ ಒಲೆ ಹಚ್ಚಲ್ಲ ಅಂತಾರೆ, ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆಸ್ಟಿನ್ ಟೌನ್‌ನಿಂದ ಬಂದ ಕಾರ್ಲ್‌ಟನ್ ಚಾಪ್‌ಮನ್ ಭಾರತ ತಂಡದ ನಾಯಕನಾದ. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಆ ದಿನವೂ ನಾವು ಸ್ಕ್ರಾಲ್‌ನಲ್ಲೇ ಮುಗಿಸಿದ್ವಿ.

ಒಂದು ಕಾಲದಲ್ಲಿ ಈ ಹುಡುಗರಿಗೆ ಆಟ ಅಂದ್ರೆ ಅನ್ನ. ಐಟಿಐ, ಎಚ್‌ಎಎಲ್‌ನಂಥ ಸರಕಾರಿ ಕಾರ್ಖಾನೆಗಳಿಗೆ ತಂಡಗಳಿದ್ದವು. ಶಾಲಾ ಪಂದ್ಯದಲ್ಲಿ ಚೆನ್ನಾಗಿ ಆಡಿದ್ರೆ ಯಾರೋ ನೋಡ್ತಿದ್ರು, ಕೆಲಸ ಸಿಗ್ತಿತ್ತು, ತಂಗಿ ಮದುವೆ ಆಗ್ತಿತ್ತು. ಆ ತಂಡಗಳು ಒಂದೊಂದಾಗಿ ಸೊರಗಿದವು. ಮಣ್ಣಿನ ಬಯಲುಗಳ ಮೇಲೆ ಕಟ್ಟಡ ಎದ್ದವು. ಉಳಿದ ಕಡೆ ಬಲೆ ಕಟ್ಟಿ, ಹಸಿರು ರತ್ನಗಂಬಳಿ ಹಾಸಿ ಗಂಟೆಗಿಷ್ಟು ಅಂತ ಬಾಡಿಗೆ. ಸಂಜೆ ಆರರ ಮೇಲೆ ಅಲ್ಲಿ ಆಡೋರು ಕಂಪನಿ ಹುಡುಗರು. ಹೊರಗೆ ಚೆಂಡು ಬಿದ್ರೆ ಎತ್ತಿ ಕೊಡೋನು ಆ ಗಲ್ಲಿಯ ಹುಡುಗ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ನೀಲಿ ಅಂಗಿ ಹಾಕ್ಕೊಂಡು ಕುಣಿಯೋರಲ್ಲಿ ಜಯನಗರದವರೂ ಇದ್ದಾರೆ, ಪಟ್ನಾದವರೂ ಇದ್ದಾರೆ. ನನಗದು ಸಂತೋಷವೇ. ಫುಟ್‌ಬಾಲು ಕಬ್ಬನ್ ಪಾರ್ಕು ದಾಟಿ ಈಚೆ ಬಂತಲ್ಲ ಅಂತ.

ಇದು ಬೆಂಗಳೂರಿನ ಕಥೆ ಮಾತ್ರ ಅಂದ್ಕೋಬೇಡಿ. ಬೆಳಗಾವಿಯ ಶಾಲಾ ಪಂದ್ಯಕ್ಕೆ ಹೋಗಿ ನಿಂತು ನೋಡಿ. ಬೋರ್ಡು ಯಾವ ಭಾಷೇಲಿರಬೇಕು ಅಂತ ದೊಡ್ಡವರು ಕಲ್ಲು ಹಿಡಿಯೋ ಊರಲ್ಲಿ, ಒಂದೇ ತಂಡದ ಹುಡುಗರು ಮರಾಠಿಯಲ್ಲಿ ಬೈದು, ಕನ್ನಡದಲ್ಲಿ ಪಾಸ್ ಕೇಳಿ, ಉರ್ದುವಿನಲ್ಲಿ ರೆಫರಿ ಜತೆ ವಾದ ಮಾಡ್ತಾರೆ.

ಮತ್ತೆ ರಿಯಾದ್‌ಗೆ ಬರ್ತೀನಿ. ಮೊನ್ನೆ ಫೈನಲ್‌ನಲ್ಲಿ ನಮಗೆ ಗೋಲು ಹೊಡೆದವರ ಹೆಸರು ಕೇಳಿ. ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್. ಓರಾಂ ಅನ್ನೋ ಅಡ್ಡಹೆಸರು ಒಡಿಶಾ, ಜಾರ್ಖಂಡ್ ಕಡೆ ಕೇಳಿಬರುತ್ತೆ, ನಮ್ಮ ಹಳ್ಳಿಗಳಲ್ಲಿ ಕೇಳಲ್ಲ. ಇಂಟರ್‌ನೆಟ್ಟಲ್ಲಿ ಶುರುವಾಯ್ತು ನೋಡಿ, ‘ಇವರಲ್ಲಿ ಕನ್ನಡಿಗರೆಷ್ಟು’ ಅಂತ. ನಾನು ಕನ್ನಡದ ಅಭಿಮಾನಿ. ಈ ಸ್ಟುಡಿಯೋದಲ್ಲಿ ಕೂತು ಕನ್ನಡದ ಕೆಲಸಕ್ಕೆ ಕನ್ನಡಿಗನೇ ಬೇಕು ಅಂತ ಗಂಟಲು ಹರಿಯೋ ಹಾಗೆ ಕೂಗಿದೀನಿ, ಮುಂದೂ ಕೂಗ್ತೀನಿ. ಆದ್ರೆ ರಾಮನ್, ವಜ್ರವೇಲು, ಧನರಾಜ್, ಅಹಮದ್ ಖಾನ್ ಕಾಲದಲ್ಲೂ ಯಾರೋ ಹೀಗೇ ಕೇಳಿರ್ತಾರೆ. ಅವತ್ತು ಕೇಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಕರ್ನಾಟಕ ಅಂತ ಬರೆದ ಅಂಗಿ ಹಾಕ್ಕೊಂಡು ಗೋಲು ಹೊಡೆದವನಿಗೆ ನಾವು ಕೊಡಬೇಕಾದ್ದು ಕನ್ನಡ. ಕಲಿಸೋಣ. ಅದಕ್ಕೆ ಮೊದಲು ಪರೀಕ್ಷೆ ಇಡೋದು ಬೇಡ.

ಇದನ್ನ ನನಗೆ ಹೇಳಿಕೊಟ್ಟಿದ್ದು ಮೆಣಸಗಿಯ ಆ ಹುಡುಗ. ಕಾರ್ಯಕ್ರಮ ಮುಗಿದ ಮೇಲೆ ಅವನನ್ನ ಕರೆದು ಕೇಳಿದೆ. ಕಬಡ್ಡಿ, ಖೋಖೋ, ವಾಲಿಬಾಲ್ ಆಡೋ ಊರಲ್ಲಿ ನಿಂಗೆಲ್ಲಿಂದ ಬಂತೋ ಫುಟ್‌ಬಾಲು? ಹುಟ್ಟಿದ್ದು ಗೋವಾದ ವಾಸ್ಕೋದಲ್ಲಂತೆ. ಆ ಸೀಮೆಯಿಂದ ಹುಬ್ಬಳ್ಳಿಗೆ ಬಂದು ವಾಸ್ಕೋ ರೈಲು ಹತ್ತಿದ ಕುಟುಂಬಗಳು ಎಷ್ಟೋ. ಅಲ್ಲಿ ಬೈನಾ ಕಡಲತೀರದ ಗುಡಿಸಲುಗಳನ್ನ 2004ರಲ್ಲಿ ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮವರು ಬಹಳ. ಇವನ ಅಪ್ಪ ಅಲ್ಲಿ ಗಾರೆ ಕೆಲಸ ಮಾಡ್ತಾರೆ. ಆರನೇ ಕ್ಲಾಸಲ್ಲಿ ಶಾಲಾ ತಂಡಕ್ಕೆ ಆಯ್ಕೆಯಾಗಿದ್ದ, ಅಷ್ಟರಲ್ಲಿ ಕೊರೊನಾ ಬಂತು, ಲಾಕ್‌ಡೌನು, ಅವ್ವನ ಜತೆ ಊರಿಗೆ ಬಂದ. ಬರೋವಾಗ ಒಂದು ಚೆಂಡು ತಂದಿದ್ದ.

‘ಅಲ್ಲಿ ನಮಗ ಘಾಂಟಿ ಅಂತಿದ್ರುರಿ’ ಅಂದ. ಘಟ್ಟದ ಮೇಲಿನವನು ಅಂತ, ಹೀನಾಯವಾಗಿ. ‘ಇಲ್ಲಿ ಬಂದ್ರ ಗೋವಾದಾಂವ ಅಂತಾರ್ರಿ.’

ಆಡೋವಾಗ ಏನಂತಾರೋ ಅಂದೆ.

‘ಆಡುವಾಗೇನ್ರಿ? ಅಲ್ಲೂ ಇಲ್ಲೂ ಪಾಸ್ ಕೊಡಲೇ ಅಂತಾರ್ರಿ.’

ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ‘ಬಂದೇನ್ರಿ, ಹೋಗೇನ್ರಿ’ ಕೇಳಿ ನಕ್ಕವರಿದ್ರು. ಆ ನಗು ಮೈಗೆ ಚುಚ್ಚಿದ್ದು ನನಗೆ ಈಗಲೂ ನೆನಪಿದೆ. ಅಂಥ ನಾನೇ ಆಸ್ಟಿನ್ ಟೌನ್ ಹುಡುಗನನ್ನ ‘ನಮ್ಮವನಲ್ಲ’ ಅಂತ ಒಪ್ಪಿಕೊಂಡು ಒಂದೂವರೆ ಪುಟವನ್ನ ಕಸದ ಬುಟ್ಟಿಗೆ ಹಾಕಿದೆ.

ಈಗ ಅವನ ಹತ್ತಿರ ಹನ್ನೊಂದು ಜನ ಇದ್ದಾರೆ, ಇಬ್ಬರು ಹುಡುಗಿಯರನ್ನ ಸೇರಿಸಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದಂಡೆಯಲ್ಲಿ ಆಡ್ತಾರೆ, ಕಲ್ಲಿಟ್ಟರೆ ಅದೇ ಗೋಲು. ಪಕ್ಕದೂರಿನ ಹೈಸ್ಕೂಲಿನವರಿಗೂ ಕಲಿಸಿದಾನೆ. ಯಾಕೋ ಅಂದ್ರೆ, ‘ಎದುರಿಗೆ ಯಾರರ ಬೇಕಲ್ರಿ ಸರ.’ ಕಬಡ್ಡಿಯಲ್ಲಿ ಆ ಊರಿಗೂ ಈ ಊರಿಗೂ ಮೊದಲೇ ಆಗಿಬರಲ್ಲ, ಈಗ ಇದೂ ಒಂದು ಸೇರಿಕೊಂಡಿದೆ.

ನಿನ್ನೆ ಭಾನುವಾರ ಅವರ ಪಂದ್ಯ ಇತ್ತು. ಮಾಸ್ತರು ಫೋನ್ ಮಾಡಿದ್ರು. ಮೆಣಸಗಿ ಸೋತಿದೆ, 4–2. ಹುಡುಗ ಒಂದು ಗೋಲು ಹೊಡೆದಿದಾನೆ, ಇನ್ನೊಂದು ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳದ್ದು. ಕೊನೇಲಿ ಸ್ವಲ್ಪ ಕೈ ಕೈ ಮಿಲಾಯಿಸಿ, ಆಮೇಲೆ ಎಲ್ಲಾ ಸೇರಿ ಮಿರ್ಚಿ ಬಜಿ ತಿಂದ್ರಂತೆ.

ಈಗ ಪರದೆಯ ಕೆಳಗೆ ನೋಡಿ. ಸ್ಕ್ರಾಲ್‌ನಲ್ಲಿ ಆ ಸ್ಕೋರು ಹೋಗ್ತಾ ಇದೆ. ರಾತ್ರಿ ಹನ್ನೊಂದರವರೆಗೆ ತೆಗೀಬೇಡಿ ಅಂತ ಡೆಸ್ಕಿನವರಿಗೆ ಹೇಳಿದೀನಿ. ಈಗೊಂದು ಬ್ರೇಕ್. ಆಮೇಲೆ ಟಿಕೆಟ್ ಸುದ್ದಿಗೆ ಬರೋಣ.