ದೂರವೂ ಸ್ಥಾನಪಲ್ಲಟವೂ

ಚೆನ್ನೈ ಸೆಂಟ್ರಲಿನಿಂದ ನಮ್ಮ ಬೆಂಗಳೂರು ದಂಡು ನಿಲ್ದಾಣಕ್ಕೆ ಎಷ್ಟು ದೂರ? ರೈಲಿನಲ್ಲಿ ಬಂದವರು ಸುಮಾರು 360 ಕಿಲೋಮೀಟರ್ ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ಈ ಪಯಣದಿಂದ ನೀವಿದ್ದ ಸ್ಥಾನ ಎಷ್ಟು ಬದಲಾಯಿತು ಎಂದು ಭೌತಶಾಸ್ತ್ರದವರು ಕೇಳಿದರೆ ಉತ್ತರ ಬೇರೆ: ಹೆಚ್ಚು ಕಡಿಮೆ ನೇರ ಪಶ್ಚಿಮಕ್ಕೆ, ಸುಮಾರು 290 ಕಿಲೋಮೀಟರ್. ಮೊದಲನೆಯದು ದೂರ, ಎರಡನೆಯದು ಸ್ಥಾನಪಲ್ಲಟ.

ಉಳಿದ 70 ಕಿಲೋಮೀಟರ್ ಏನಾಯಿತು? ನಕಾಶೆಯನ್ನು ಬಿಡಿಸಿ ನೋಡಿ. ರೈಲುದಾರಿ ಮೊದಲು ನೈಋತ್ಯಕ್ಕೆ ಇಳಿದು ಜೋಲಾರ್‌ಪೇಟೆಯನ್ನು ಮುಟ್ಟುತ್ತದೆ. ಅಲ್ಲಿಂದ ದಂಡಿಗೆ 1864ರಲ್ಲಿ ತೆರೆದ ದಾರಿ ವಾಯವ್ಯದ ಕಡೆ ಹೊರಳಿ ಕುಪ್ಪಂ, ಬಂಗಾರಪೇಟೆ, ಮಾಲೂರು, ಕೃಷ್ಣರಾಜಪುರಗಳನ್ನು ಹಾದು ಬರುತ್ತದೆ. ಈಗ ಲೆಕ್ಕ ಹಾಕೋಣ. ಜೋಲಾರ್‌ಪೇಟೆಯವರೆಗೆ ನೀವು ಪಶ್ಚಿಮಕ್ಕೆ ಸುಮಾರು 185, ದಕ್ಷಿಣಕ್ಕೆ 57 ಕಿಲೋಮೀಟರ್ ಸರಿದಿರಿ. ಅಲ್ಲಿಂದ ಮುಂದೆ ಪಶ್ಚಿಮಕ್ಕೆ 105, ಉತ್ತರಕ್ಕೆ 47. ಪಶ್ಚಿಮದ ಎರಡು ಪಾಲೂ ಕೂಡಿ 290 ಆಯಿತು. ದಕ್ಷಿಣಕ್ಕೆ ಇಳಿದದ್ದನ್ನು ಉತ್ತರಕ್ಕೆ ಏರಿದ್ದು ತಿಂದುಹಾಕಿ ಬರಿಯ 10 ಉಳಿಯಿತು. ದೂರದಲ್ಲಿ ಇಂಥ ವಜಾ ಇಲ್ಲ. ಗಾಲಿ ಯಾವ ದಿಕ್ಕಿಗೆ ಉರುಳಿದರೂ ಅದು ಏರುತ್ತಲೇ ಹೋಗುತ್ತದೆ. ಆದ್ದರಿಂದಲೇ ದೂರವನ್ನು ಅದಿಶವೆಂದೂ ಸ್ಥಾನಪಲ್ಲಟವನ್ನು ಸದಿಶವೆಂದೂ ಕರೆಯುತ್ತಾರೆ. ದೂರಕ್ಕೆ ಒಂದು ದಿಕ್ಕಿನ ಹೆಸರು ಅಂಟಿಸಿದರೆ ಸ್ಥಾನಪಲ್ಲಟವಾಯಿತು ಎಂದು ಎಷ್ಟೋ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಹಾಗಲ್ಲ. ಸ್ಥಾನಪಲ್ಲಟಕ್ಕೆ ಹೊರಟ ಬಿಂದು, ತಲುಪಿದ ಬಿಂದು ಎರಡೇ ಗೊತ್ತು. ನಡುವಣ ದಾರಿಯ ನೆನಪು ಅದಕ್ಕಿಲ್ಲ.

ಯಾರೂ ನಡೆಯದ ಈ ನೇರ ಗೆರೆಯನ್ನು ಅಳೆಯುವುದು ಹೇಗೆಂದು ನೀವು ಕೇಳಬಹುದು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆದನು. ಅಲ್ಲಿಂದ ಮುಂದಕ್ಕೆ ಸರಪಣಿ ಹಿಡಿಯಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಥಿಯೋಡೊಲೈಟಿನಿಂದ ಕೋನಗಳನ್ನಷ್ಟೇ ನೋಡಿ, ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ನಮ್ಮ ಕಡೆಗೆ ಬಂದನು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ವ್ಯತ್ಯಾಸವಿತ್ತು! ನಡುವಣ ಕಾಡು, ಕೆರೆ, ಬಳಸುದಾರಿಗಳು ಈ ಲೆಕ್ಕವನ್ನು ಕೆಡಿಸಲಿಲ್ಲ.

ಇನ್ನು ಹೋಗಿಬರುವ ಪ್ರಯಾಣ. ದಂಡಿನಿಂದ ಚೆನ್ನೈಗೆ ಹೋಗಿ ದಂಡಿಗೇ ಮರಳಿದರೆ ದೂರ 720, ಸ್ಥಾನಪಲ್ಲಟ ಸೊನ್ನೆ. ಸ್ಥಾನಪಲ್ಲಟವನ್ನು ನೋಡಿ ದರ ಹಾಕುವುದಾಗಿದ್ದರೆ ಈ ಪ್ರಯಾಣ ಧರ್ಮಾರ್ಥವಾಗಬೇಕಿತ್ತು. ರೈಲ್ವೆಯವರು ಅಷ್ಟು ಉದಾರಿಗಳಲ್ಲ. ಹಲಸೂರು ಕೆರೆಗೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತವರಿಗೂ ಸೊನ್ನೆಯೇ. ಮನೆಯ ಮಗು ಇಂಥ ಪ್ರಶ್ನೆಗೆ ‘ಸೊನ್ನೆ’ ಎಂದು ಬರೆದಿದ್ದರೆ, ಅಷ್ಟು ನಡೆದದ್ದು ಸೊನ್ನೆ ಹೇಗಾಯಿತೆಂದು ದಯವಿಟ್ಟು ಗದರಬೇಡಿ.

ಮಾತಿನಲ್ಲಿ ನಾವು ಒಂದೇ ಮಾಡಿಕೊಂಡಿರುವ ಜವ, ವೇಗಗಳೂ ಇಲ್ಲಿಂದಲೇ ಬೇರೆಯಾಗುತ್ತವೆ. ಚೆನ್ನೈಯಿಂದ ದಂಡಿಗೆ ರೈಲು 6 ಗಂಟೆ ತೆಗೆದುಕೊಂಡಿತೆನ್ನಿ. 360ನ್ನು 6ರಿಂದ ಭಾಗಿಸಿದರೆ ಸರಾಸರಿ ಜವ ಗಂಟೆಗೆ 60 ಕಿಲೋಮೀಟರ್. ಸರಾಸರಿ ವೇಗಕ್ಕೆ 290ನ್ನು ಭಾಗಿಸಬೇಕು: ಗಂಟೆಗೆ ಸುಮಾರು 48 ಕಿಲೋಮೀಟರ್, ಪಶ್ಚಿಮಕ್ಕೆ.